ಇಪ್ಪತ್ತೊಂಬತ್ತು ಲೀಟರಿನ ಸುಳ್ಳು

ಮೊದಲೇ ಹೇಳಿಬಿಡುತ್ತೇನೆ. ಸರ್ಫ್ ಬೋರ್ಡ್ ಮಾರುವುದರಲ್ಲಿ ನನ್ನ ಸಮಾನರು ಪೆಸಿಫಿಕ್ ಸಾಗರದ ಈ ದಡದಲ್ಲಿ ಯಾರೂ ಇಲ್ಲ. ಆ ದಡದಲ್ಲಿ ಒಬ್ಬನಿದ್ದನಂತೆ, ನನ್ನ ಸುದ್ದಿ ಕೇಳಿದ ಮೇಲೆ ಅಂಗಡಿ ಮುಚ್ಚಿ ಕುರಿ ಸಾಕಲು ಹೋದ. ಗಿರಾಕಿ ಬಾಗಿಲಲ್ಲಿ ಚಪ್ಪಲಿ ಕೊಡವಿ ಮರಳು ಉದುರಿಸುವಷ್ಟರಲ್ಲಿ ಅವನ ತೂಕ, ವಯಸ್ಸು, ಎಷ್ಟು ಅಲೆ ಹಿಡಿದಿದ್ದಾನೆ, ಎಷ್ಟು ಸಲ ಬಿದ್ದಿದ್ದಾನೆ, ಮನೆಗೆ ಹೋಗಿ ಹೆಂಡತಿಗೆ ಎಷ್ಟು ಕಡಿಮೆ ಬೆಲೆ ಹೇಳಲಿದ್ದಾನೆ, ಎಲ್ಲವನ್ನೂ ಕರಾರುವಾಕ್ಕಾಗಿ ಹೇಳಬಲ್ಲೆ.

ಇಂಥ ನಾನು ನೆರಿಡಾಳ ವಿಷಯದಲ್ಲಿ ಮೊದಲ ನಿಮಿಷಕ್ಕೇ ಎಡವಿದೆ.

ಆಗಸ್ಟ್ ತಿಂಗಳು, ಭೂಮಿಯ ನಮ್ಮ ದಕ್ಷಿಣದ ಅರ್ಧದಲ್ಲಿ ಚಳಿಗಾಲ ಇನ್ನೂ ಬಿಟ್ಟಿರಲಿಲ್ಲ. ಕೊರೆಲ್ಲಾ ಪಾಯಿಂಟಿನ ನಮ್ಮ ಅಂಗಡಿಯ ಬಲಗಡೆ, ಸ್ಕೇಟ್‌ಬೋರ್ಡುಗಳ ಗೋಡೆಯ ಮುಂದೆ, ಬಣ್ಣ ಮಾಸಿದ ಹಸಿರು ಜಾಕೆಟ್ಟಿನ ಜೇಬಿಗೆ ಕೈ ಹಾಕಿಕೊಂಡು ಒಬ್ಬಳು ನಿಂತಿದ್ದಳು. ಗಿಡ್ಡ ಕೂದಲು. ಗಲ್ಲದ ಮೇಲೆ ಅಕ್ಕಿಕಾಳಿನಷ್ಟು ಹಳೆಯ ಗಾಯದ ಗುರುತು. ಗಾಳಿ ಬಾಗಿಲು ತಳ್ಳಿದಾಗೆಲ್ಲ ಅವಳ ಕಿವಿಯ ಹಿಂದಿನ ಒಂದೇ ಒಂದು ಎಳೆ ಎದ್ದು ಕೂರುತ್ತಿತ್ತು. ಹೊಸಬಳು, ಹೆದರಿದ್ದಾಳೆ, ಕೇಳಲು ನಾಚಿಕೆ ಎಂದು ಲೆಕ್ಕ ಹಾಕಿದೆ.

"ಮೊದಲ್ನೇ ಬೋರ್ಡಾ?" ಎಂದೆ, ರಾಜನಂತೆ.

ಅವಳು ನನ್ನನ್ನು ನೋಡಿದಳು. "ಹೂಂ, ಅನ್ಕೊಳ್ಳಿ."

"ಹೆದರ್ಬೇಡಿ, ನಾನಿದ್ದೀನಿ. ಎಡಗಾಲು ಮುಂದಿಟ್ಟು ನಿಲ್ತೀರೋ, ಬಲಗಾಲೋ? ಗೊತ್ತಿಲ್ವಾ? ಅದಕ್ಕೊಂದು ಹಳೇ ಉಪಾಯ ಇದೆ. ನೀವು ನೆಟ್ಟಗೆ ನಿಂತ್ಕೊಳ್ಳಿ, ನಾನು ಹಿಂದಿನಿಂದ ಮೆಲ್ಲಗೆ ನೂಕ್ತೀನಿ. ಬೀಳದೆ ಇರೋಕೆ ಯಾವ ಕಾಲು ತಾನಾಗೇ ಮುಂದೆ ಬರುತ್ತೋ ಅದೇ ನಿಮ್ಮ ಮುಂಗಾಲು. ನೂಕ್ಲಾ?"

"ನೂಕಿ," ಎಂದಳು. ಆ ಕಣ್ಣಿನಲ್ಲಿ ಏನೋ ಮಿಂಚಿ ಮಾಯವಾಯಿತು. ನಾನು ಅದನ್ನು ಕೃತಜ್ಞತೆ ಎಂದುಕೊಂಡೆ.

ನೂಕಿದೆ. ಅವಳು ಅಲುಗಲಿಲ್ಲ. ಇನ್ನೂ ಸ್ವಲ್ಪ ಬಲವಾಗಿ ನೂಕಿದೆ. ದೀಪಸ್ತಂಭವಾದರೂ ಒಂದು ಕೂದಲಿನಷ್ಟು ವಾಲುತ್ತಿತ್ತು, ಇವಳು ವಾಲಲಿಲ್ಲ.

"ಆಯ್ತಾ?" ಎಂದಳು, ತಿರುಗದೆ. "ಇಲ್ಲ ಟೀ ಕುಡ್ಕೊಂಡು ಬಂದು ನೂಕ್ತೀರಾ?"

ಮೂರನೆಯ ಸಲ ಮೈಯೆಲ್ಲ ಬಲ ಸೇರಿಸಿ ನೂಕಲು ಹೋದಾಗ ಅವಳು ಒಂದೇ ಒಂದು ಹೆಜ್ಜೆ ಪಕ್ಕಕ್ಕೆ ಸರಿದಳು. ನಾನು ಮಕ್ಕಳ ಹೆಲ್ಮೆಟ್ಟುಗಳ ರಾಶಿಗೆ ತಲೆಕೊಟ್ಟು ಬಿದ್ದೆ.

ಅವಳು ಬಾಗಿ ನನ್ನ ಪಾದಗಳನ್ನು ಪರೀಕ್ಷಿಸಿದಳು. "ಎಡಗಾಲು ಮುಂದೆ ಬಂತು ನೋಡಿ. ನಿಮ್ದು."

ಒಳಗಿನಿಂದ ನಮ್ಮ ಅಂಗಡಿಯ ಒಡತಿ ನೋಲಾ ಕೂಗಿದರು. "ಹೇಮಿಶ್, ಪರಿಚಯ ಆಯ್ತೇನೋ? ಇವಳು ನೆರಿಡಾ, ಒಳನಾಡಿನ ಡಬ್ಬೋ ಊರಿಂದ ಬಂದಿದ್ದಾಳೆ. ಸ್ಕೇಟ್ ಹುಡುಗರಿಗೆ ಹದಿನೈದು ವರ್ಷ ಪಾಠ ಹೇಳ್ಕೊಟ್ಟವಳು. ಇವತ್ತಿಂದ ಬಲಗಡೆ ಅಂಗಡಿ ಇವಳದ್ದೇ."

ಅಂದಿನಿಂದ ಅಂಗಡಿ ಎರಡಾಯಿತು. ಎಡಕ್ಕೆ ನನ್ನ ಸಮುದ್ರ, ಬಲಕ್ಕೆ ಅವಳ ಸಿಮೆಂಟು. ನಡುವೆ ನೆಲಕ್ಕೆ ಹಾಸಿದ ನಾಲ್ಕು ಹೆಜ್ಜೆ ಅಗಲದ ಕಂಬಳಿ. ಆ ಕಂಬಳಿಯನ್ನು ಆರು ತಿಂಗಳಲ್ಲಿ ನಾನೊಬ್ಬನೇ ನಡೆದು ಸವೆಸಿದೆ. ಮೊಳೆ ಬೇಕು, ಟೇಪು ಬೇಕು, ಪೆನ್ನು ಬರೆಯುತ್ತಿಲ್ಲ, ಗಂಟೆ ಎಷ್ಟು, ಎಂದು ದಿನಕ್ಕೆ ನಾಲ್ಕು ಸಾವಿರ ಸಲ ಹೋಗುತ್ತಿದ್ದೆ. ಅವಳು ನಾಲ್ಕೇ ಸಲ ಎನ್ನುತ್ತಾಳೆ. ಅವಳಿಗೆ ಎಣಿಸಲು ಬರುವುದಿಲ್ಲ.

ಅವಳ ವ್ಯಾಪಾರದ ರೀತಿಯೇ ಬೇರೆ. ಐವತ್ತೆಂಟು ವರ್ಷದ ಶಾಲಾ ಟೀಚರೊಬ್ಬರು ಬಂದು, ಇಷ್ಟು ವರ್ಷ ಮಕ್ಕಳು ಮಾಡುವುದನ್ನು ನೋಡಿ ಸಾಕಾಯಿತು, ನನಗೂ ಒಂದು ಕೊಡು ಎಂದರು. ನಾನಾಗಿದ್ದರೆ "ನೀವಾ ಐವತ್ತೆಂಟು? ನಂಬಲ್ಲ" ಎನ್ನುತ್ತಿದ್ದೆ. ನೆರಿಡಾ ಅಗಲವಾದ ಹಲಗೆ ತೆಗೆದಳು, ಅದಕ್ಕೆ ದೊಡ್ಡ ಮೆತ್ತನೆ ಚಕ್ರ ಹಾಕಿದಳು. ಅದೆಲ್ಲಕ್ಕಿಂತ ಮುಂಚೆ ಮಣಿಕಟ್ಟಿಗೆ ಕಟ್ಟುವ ಪಟ್ಟಿ ಕೊಟ್ಟಳು. "ಮೊದಲು ಬೀಳೋದು ಕಲೀರಿ ಮಿಸ್. ನಿಲ್ಲೋದು ತಾನಾಗೇ ಬರುತ್ತೆ." ಒಂಬತ್ತು ವರ್ಷದ ಮಗಳಿಗೆ ದೊಡ್ಡ ಸೈಜಿನ ಹೆಲ್ಮೆಟ್ ಕೇಳಿದ ಅಪ್ಪನಿಗೆ, "ಮುಂದಿನ ವರ್ಷಕ್ಕೂ ಆಗ್ಲಿ ಅಂತೀರಲ್ಲ, ಅವಳು ಬೀಳೋದು ಈ ವರ್ಷ," ಎಂದಳು.

ನಾನು ರೀಲು ಬಿಡುವಾಗೆಲ್ಲ ಅವಳ ಎಡಹುಬ್ಬು ಏರುತ್ತಿತ್ತು. ಸ್ಪ್ಯಾನರ್ ಹಿಡಿದು ಚಕ್ರ ಬಿಗಿಯುತ್ತ, ತಲೆ ಎತ್ತದೆ, ಹುಬ್ಬು ಮಾತ್ರ ಎತ್ತುವಳು. ತಣ್ಣೀರಿಗೆ ಇಳಿಯಲು ತೊಡುವ ರಬ್ಬರ್ ಸೂಟು ಹಾಕಿ ನೋಡುವವರಿಗೆಂದು ಇಟ್ಟಿದ್ದ ಕನ್ನಡಿಯಲ್ಲಿ ನನಗೆ ಅದು ಕಾಣುತ್ತಿತ್ತು. ಕನ್ನಡಿಯಲ್ಲಿ ನಾನು ನೋಡುವುದು ಅವಳಿಗೂ ಕಾಣುತ್ತಿತ್ತು. ಹಾಗೆ ಕಣ್ಣು ಸೇರಿದಾಗ ಅವಳು ಮೊದಲು ತಿರುಗುತ್ತಿರಲಿಲ್ಲ, ನಾನೂ ತಿರುಗುತ್ತಿರಲಿಲ್ಲ. ನಡುವೆ ಒಬ್ಬ ಗಿರಾಕಿ ಸೂಟಿನ ಜಿಪ್ಪು ಮುಂದೆ ಬರುವಂತೆ ತಿರುವುಮುರುವಾಗಿ ಹಾಕಿಕೊಂಡು, ಉಸಿರು ಸಿಕ್ಕಿ, "ಸ್ವಲ್ಪ ಬಿಗಿ ಅಲ್ವಾ?" ಎಂದು ನರಳುತ್ತಿದ್ದ.

"ನೀನು ಹೇಳಿದ್ದನ್ನೆಲ್ಲ ನಾನು ಹತ್ತರಿಂದ ಭಾಗಿಸ್ಕೋತೀನಿ," ಎಂದಳು ಒಂದು ದಿನ.

"ಹಾಗಾದ್ರೂ ನಿನ್ನ ಡಬ್ಬೋ ಹುಡುಗರ ಮಾತಿಗಿಂತ ಜಾಸ್ತಿನೇ ಉಳಿಯುತ್ತೆ."

ಅವಳು ನಕ್ಕಳು. ಆ ನಗುವಿಗೆ ಅಂಗಡಿಯ ಗಾಜು ಒಡೆಯಿತು. ಸರಿ, ಒಡೆಯಲಿಲ್ಲ. ಆದರೆ ಬಿರುಕು ಬಿಟ್ಟಿತು.

ಫೆಬ್ರುವರಿಯಲ್ಲಿ ಸಮುದ್ರ ಸತ್ತುಹೋಯಿತು. ಹನ್ನೊಂದು ದಿನ ಒಂದೇ ಒಂದು ಅಲೆ ಇಲ್ಲ. ಈಶಾನ್ಯದ ಬಿಸಿಗಾಳಿ ಮಾತ್ರ. ನೀರು ತಟ್ಟೆಯಲ್ಲಿ ಆರಿದ ಸೂಪಿನಂತೆ ಬಿದ್ದಿತ್ತು. ಅಲೆಯಿಲ್ಲದಿದ್ದರೆ ನಮ್ಮೂರಿಗೆ ಹುಚ್ಚು ಹಿಡಿಯುತ್ತದೆ. ಜನ ಬೆಳಗ್ಗೆ ಎದ್ದು ಬಂಡೆಯ ಮೇಲೆ ನಿಂತು ನೀರನ್ನು ಬೈದು ಕೆಲಸಕ್ಕೆ ಹೋಗುತ್ತಿದ್ದರು. ಪ್ಲಂಬರ್ ಗ್ಯಾವಿನ್ ಕಾಲು ಜಾರದಂತೆ ಬೋರ್ಡಿಗೆ ಹಚ್ಚಿದ ಮೇಣ ಕೆರೆದು ಮತ್ತೆ ಹಚ್ಚಿ ಮತ್ತೆ ಕೆರೆದ. ಎಲ್ಲರೂ ಅಂಗಡಿಗೆ ಬಂದು ಬೇಡದ್ದನ್ನು ಮುಟ್ಟಿ ನೋಡಿ, ಬೇಡದ್ದನ್ನೇ ಕೊಂಡು ಹೋಗುತ್ತಿದ್ದರು.

ಹಾಗೆ ಬಂದವರು ಕ್ಲೆಮ್. ಅರವತ್ತನಾಲ್ಕು ವರ್ಷ, ಫೆರಿ ದೋಣಿಗಳ ಮೆಕ್ಯಾನಿಕ್ ಆಗಿ ನಿವೃತ್ತರು. ಹೋದ ಚಳಿಗಾಲದಲ್ಲಿ ಬಲಭುಜಕ್ಕೆ ಆಪರೇಷನ್ ಆಗಿತ್ತು. ಅವರು ನೇರವಾಗಿ ಹೋಗಿ ಐದು ಅಡಿ ಹತ್ತು ಇಂಚಿನ ಚೂಪು ಮೂತಿಯ ಬೋರ್ಡನ್ನು ತಬ್ಬಿಕೊಂಡರು.

ಇಲ್ಲಿ ಒಂದು ಮಾತು. ಬೋರ್ಡಿನ ಹೊಟ್ಟೆ ಎಷ್ಟು ಲೀಟರೋ ಅಷ್ಟು ಅದು ನಿಮ್ಮನ್ನು ತೇಲಿಸುತ್ತದೆ. ಕಲಿಯುವವನಿಗೆ ಅವನ ತೂಕದಷ್ಟಾದರೂ ಲೀಟರು ಬೇಕು. ಪಳಗಿದ ಹರೆಯದವನಿಗೆ ಅದರಲ್ಲಿ ಅರ್ಧಕ್ಕಿಂತ ಕಡಿಮೆ ಸಾಕು. ಆದರೆ ನಮ್ಮವರು ತಮ್ಮ ಲೀಟರನ್ನು ಎಂದೂ ಒಪ್ಪಿಕೊಳ್ಳುವುದಿಲ್ಲ. ಚಿಕ್ಕ ಬೋರ್ಡೆಂದರೆ ದೊಡ್ಡ ಮನುಷ್ಯ. ಪಳಗಿದರೂ ವಯಸ್ಸಾದ, ಎಂಬತ್ತೆಂಟು ಕಿಲೋದ ಕ್ಲೆಮ್‌ಗೆ ಅರವತ್ತು ಲೀಟರಿನ ಒಂಬತ್ತಡಿ ಬೋರ್ಡು ಬೇಕಿತ್ತು. ಅವರು ತಬ್ಬಿಕೊಂಡಿದ್ದು ಇಪ್ಪತ್ತೊಂಬತ್ತು ಲೀಟರಿನದು.

"ಇಪ್ಪತ್ತೈದನೇ ವಯಸ್ಸಲ್ಲಿ ನಾನು ಇಂಥದ್ದರ ಮೇಲೇ ಇದ್ದೆ ಕಣೋ," ಎಂದರು. ಆ ಮುಖದ ಸಂತೋಷ ನೋಡಿದರೆ ನೀವೂ ಅದನ್ನೇ ಹೇಳುತ್ತಿದ್ದಿರಿ.

"ಕ್ಲೆಮ್, ನೀವು ಈಗ್ಲೂ ಇಪ್ಪತ್ತೈದೇ," ಎಂದೆ. "ಇದು ನಿಮಗೋಸ್ಕರ್ವೇ ಹುಟ್ಟಿದ ಬೋರ್ಡು. ನಾನು ಬರೆದು ಕೊಡ್ತೀನಿ."

ಅವರು ಹೋದ ಮೇಲೆ ಕಂಬಳಿ ದಾಟಿ ನೆರಿಡಾಳೇ ಬಂದಳು. ಅದು ಮೊದಲ ಸಲ. "ಅದು ಬೋರ್ಡಲ್ಲ ಹೇಮಿಶ್, ಆಲೂಗಡ್ಡೆ ಚಿಪ್ಸು. ಅವರ ಭುಜ ನೋಡಿದ್ಯಾ?"

"ಅಲೆನೇ ಇಲ್ಲ ಮಾರಾಯ್ತಿ, ಎಲ್ಲಿಂದ ಬೀಳ್ತಾರೆ?"

"ಅಲೆ ಬರುತ್ತೆ," ಎಂದಳು. ಹುಬ್ಬು ಏರಲಿಲ್ಲ. ಅದೇ ಹೆದರಿಕೆಯಾಯಿತು.

ಮರುದಿನ ಮಂಗಳವಾರ. ಮಧ್ಯಾಹ್ನ ಗಾಜು ಒರೆಸುತ್ತ ಅವಳು ಹೇಳಿದಳು. "ಪರ್ತ್‌ನಿಂದ ಕರೆದಿದ್ದಾರೆ. ಸ್ಕೇಟ್ ಪಾರ್ಕ್ ಕಟ್ಟೋ ಕಂಪನಿ. ಎರಡು ವರ್ಷದ ಕೆಲಸ, ಮನೆನೂ ಅವರೇ ಕೊಡ್ತಾರೆ. ಶುಕ್ರವಾರ ಅಲ್ಲಿ ಆಫೀಸ್ ತೆರೆಯೋ ಹೊತ್ತಿಗೆ ಹೇಳ್ಬೇಕು. ಅವರಿಗೆ ಬೆಳಗ್ಗೆ ಒಂಬತ್ತು, ನಮಗೆ ಮಧ್ಯಾಹ್ನ ಹನ್ನೆರಡು."

ಪರ್ತ್ ಎಂದರೆ ದೇಶದ ಆಚೆ ತುದಿ. ನಾಲ್ಕು ಲಕ್ಷ ಕಿಲೋಮೀಟರು.

"ಹೋಗು, ಅಲ್ಲಿ ಸೂರ್ಯ ಮೂರು ಗಂಟೆ ಲೇಟು, ಚೆನ್ನಾಗಿ ನಿದ್ದೆ ಮಾಡ್ಬಹುದು," ಎಂದೆ. ಲೋಕದ ಅತ್ಯಂತ ಬುದ್ಧಿವಂತ ಮಾರಾಟಗಾರ ಆಡಿದ ಮಾತು ಇದು. ಅವಳು ಒರೆಸಿದ ಗಾಜನ್ನೇ ಇನ್ನೊಮ್ಮೆ ಒರೆಸಿದಳು.

ಗುರುವಾರ ಸಂಜೆ ಅಂಗಡಿಯ ಮೆಟ್ಟಿಲ ಮೇಲೆ ಕೂತು ಇಬ್ಬರೂ ಮಾಂಸ ತುಂಬಿದ ಪೈ ತಿನ್ನುತ್ತಿದ್ದೆವು. ಗಾಳಿ ತಿರುಗಿತ್ತು. ದಕ್ಷಿಣದಲ್ಲೆಲ್ಲೋ ಬಿರುಗಾಳಿಯೆಂದು ಫೋನುಗಳೆಲ್ಲ ಹೇಳುತ್ತಿದ್ದವು, ಊರು ನಿಂತಲ್ಲಿ ನಿಲ್ಲುತ್ತಿರಲಿಲ್ಲ. ಅವಳ ತುಟಿಯ ಮೂಲೆಯಲ್ಲಿ ಸಾಸು ಅಂಟಿತ್ತು. ಅದನ್ನು ಹೇಳಲೋ ಬೇಡವೋ ಎಂದು ಯೋಚಿಸುತ್ತಿದ್ದವನು ಸೀದಾ ಬೇರೆಯದನ್ನೇ ಹೇಳಿಬಿಟ್ಟೆ.

"ನೆರಿ, ನೀನಿಲ್ದೆ ನಾನು ಒಂದು ದಿನ ಬದುಕಲ್ಲ."

"ನಿನ್ನೆ ಪೈಗೂ ಇದೇ ಮಾತು ಹೇಳ್ದೆ."

"ಇದು ನಿಜ!"

"ಅದನ್ನೂ ಪೈಗೆ ಹೇಳ್ದೆ." ಅವಳು ನಗಲಿಲ್ಲ. ಪೈ ಸುತ್ತಿದ್ದ ಕಾಗದವನ್ನು ಮಡಿಸಿದಳು, ಇನ್ನೊಮ್ಮೆ ಮಡಿಸಿದಳು, ಅದು ಉಗುರಿನಷ್ಟಾಗುವವರೆಗೆ ಮಡಿಸಿದಳು. "ನಿನ್ನ ಮಾತು ಚೆಂದ ಕಣೋ. ದಿನವಿಡೀ ಕೇಳ್ತಾ ಕೂರಬಹುದು. ಆದ್ರೆ ಅದರ ಮೇಲೆ ಕಾಲಿಟ್ಟು ನಿಲ್ಲೋಕಾಗಲ್ಲ. ನೀನು ನಿಜಾನೇ ಹೇಳಿದ್ರೂ ನಂಗೆ ಗೊತ್ತಾಗೋದು ಹೇಗೆ, ಹೇಳು?"

ನಾನು ಉಳಿದ ಪೈಯನ್ನೆಲ್ಲ ಒಮ್ಮೆಲೇ ಬಾಯಿಗೆ ತುರುಕಿಕೊಂಡೆ. ಅಗಿದು ಮುಗಿಸುವವರೆಗೆ ಅವಳು ಕಾದಳು. ಆಮೇಲೆ ಎದ್ದು ಹೋದಳು. ಸಾಸು ಹಾಗೇ ಇತ್ತು.

ಶುಕ್ರವಾರ ಬೆಳಗ್ಗೆ ಸಮುದ್ರದ ಸದ್ದಿಗೇ ಎಚ್ಚರವಾಯಿತು. ಅಲೆಯಿಲ್ಲದ ದಿನಗಳು ಕಳೆದು ಮೊದಲ ಅಲೆ ಬಂದ ದಿನ ನೋಲಾ ಅಂಗಡಿಗೆ ಬೀಗ ಹಾಕುತ್ತಾರೆ, ಬಾಗಿಲಿಗೆ ಚೀಟಿ ಕೂಡ ಅಂಟಿಸುವುದಿಲ್ಲ. ಕೇಳುವವರು ಯಾರು, ಎಲ್ಲರೂ ನೀರಿನಲ್ಲಿ. ಹನ್ನೊಂದು ಗಂಟೆಯಾದರೂ ನಾನು ಮಾತ್ರ ದಡದ ಮೇಲಿನ ಕಟಾಂಜನ ಹಿಡಿದು ನಿಂತು ನೋಡುತ್ತಿದ್ದೆ. ನನ್ನ ಎದೆಯ ಪ್ರಕಾರ ಅಲೆ ಮೂವತ್ತು ಅಡಿ. ಫೋನಿನ ಪ್ರಕಾರ ಎಂಟು.

ಈಗ ನನ್ನ ಗುಟ್ಟು. ಹತ್ತೊಂಬತ್ತು ವರ್ಷದಿಂದ ಬೋರ್ಡು ಹಿಡಿದವನು ನಾನು, ಆದರೆ ತಲೆಗಿಂತ ಎತ್ತರದ ಅಲೆ ಇರುವ ದಿನ ಬಂಡೆಯ ಆಚೆ ಎಂದೂ ಹೋದವನಲ್ಲ. ಆ ದಿನಗಳಲ್ಲಿ ನನಗೆ ಸೊಂಟನೋವು. ದಡದಲ್ಲಿ ನಿಂತು ಎಲ್ಲರಿಗೂ ಸಲಹೆ ಕೊಡುತ್ತೇನೆ. ಊರಿನವರು ನನ್ನನ್ನು ಕರೆಯುವುದೇ ರೇಡಿಯೋ ಎಂದು.

ನೆರಿಡಾ ಪಕ್ಕಕ್ಕೆ ಬಂದು ನಿಂತಳು. ಕೆಳಗೆ ಮರಳಿನ ಮೇಲೆ ಕ್ಲೆಮ್ ಹೋಗುತ್ತಿದ್ದರು. ಕಂಕುಳಲ್ಲಿ ಆ ಚಿಕ್ಕ ಬೋರ್ಡು.

"ರೇಡಿಯೋ!" ಎಂದು ಕೈ ಬೀಸಿದರು. "ನೀನು ಹೇಳಿದ್ದು ನಿಜ ಕಣೋ. ಮೈ ಇಪ್ಪತ್ತೈದರ ಹಾಗೇ ಹಗುರ!"

ಬಂಡೆಯ ಪಕ್ಕದ ಸೆಳೆತ ಅವರನ್ನು ಎರಡೇ ನಿಮಿಷದಲ್ಲಿ ಆಚೆಗೆ ಒಯ್ದಿತು. ಹೋಗುವುದು ಸುಲಭ. ಅಲ್ಲಿಂದ ಅಲೆ ಹಿಡಿದು ಮರಳಬೇಕಲ್ಲ, ಅದಕ್ಕೆ ಭುಜ ಬೇಕು, ಲೀಟರು ಬೇಕು.

"ಲೈಫ್‌ಗಾರ್ಡಿಗೆ ಹೇಳೋಣ," ಎಂದೆ.

"ಏನಂತ? ಅವರಿನ್ನೂ ಮುಳುಗ್ತಿಲ್ಲ. 'ವಾಪಸ್ ಬನ್ನಿ ಅಜ್ಜ' ಅಂದ್ರೆ ಬರ್ತಾರಾ? 'ಈಗ್ಲೂ ಇಪ್ಪತ್ತೈದೇ' ಅಂತ ಬರೆದು ಕೊಟ್ಟಿದ್ದು ನೀನೇ ಅಲ್ವಾ." ಅವಳ ದನಿಯಲ್ಲಿ ಕೋಪವಿರಲಿಲ್ಲ. ಕೈ ಮಾತ್ರ ಕಟಾಂಜನದ ಮೇಲೆ ಬಿಳಿಚಿತ್ತು.

ನನ್ನ ಬೋರ್ಡಿನ ಮೇಲೆ ನಾನು ಅಲ್ಲಿಗೆ ಮುಟ್ಟುವುದಿಲ್ಲ ಎಂದು ನನಗೆ ಗೊತ್ತಿತ್ತು. ಅದೂ ಚಿಕ್ಕದೇ, ಅದೂ ಜಂಬಕ್ಕೆ ಕೊಂಡದ್ದೇ. ಸರ್ಫ್ ಕಲಿಸುವ ಶಾಲೆಯವರು ಮರಳಿನ ಮೇಲೆ ಜೋಡಿಸಿದ್ದ ಒಂಬತ್ತಡಿಯ ಸ್ಪಂಜ್ ಬೋರ್ಡುಗಳಿದ್ದವು. ನೀಲಿ ಬಣ್ಣ, ಮೇಲೆ ಆಳೆತ್ತರದ ಅಕ್ಷರದಲ್ಲಿ 'ಕಲಿಯುವವರಿಗೆ'. ಒಂದನ್ನು ಎಳೆದುಕೊಂಡು ನೀರಿಗೆ ಬಿದ್ದೆ.

ಆಮೇಲಿನದ್ದನ್ನು ದೊಡ್ಡದು ಮಾಡಿ ಹೇಳಲು ನನಗೆ ಬರುವುದಿಲ್ಲ. ಎರಡು ಸಲ ನೀರು ಕುಡಿದೆ. ಒಮ್ಮೆ ಮರಳಿಬಿಡೋಣ ಎಂದು ತಿರುಗಿದವನು ಕಟಾಂಜನದ ಬಳಿ ಹಸಿರು ಜಾಕೆಟ್ಟು ನೋಡಿ ಮತ್ತೆ ತಿರುಗಿದೆ. ಅಷ್ಟೇ.

ಆಚೆ ಇಪ್ಪತ್ತು ಜನ ಬೋರ್ಡುಗಳ ಮೇಲೆ ಕೂತು ಅಲೆ ಕಾಯುತ್ತಿದ್ದರು. ನೀಲಿ ಸ್ಪಂಜಿನ ಮೇಲೆ ಮಕಾಡೆ ಮಲಗಿ ಬಂದ ನನ್ನನ್ನು ನೋಡಿ ಗ್ಯಾವಿನ್ ಕಿರುಚಿದ. "ಏನ್ ಗುರೂ, ರೇಡಿಯೋ ಸ್ಟೇಷನ್ ಬಿಟ್ಟು ಹೊರಗೆ ಬಂದುಬಿಟ್ಟಿದೆ! ದಾರಿ ತಪ್ತಾ?" ಎಲ್ಲರೂ ನಕ್ಕರು.

ಕ್ಲೆಮ್ ನಗಲಿಲ್ಲ. ಬೋರ್ಡು ಅವರ ಕೆಳಗೆ ಪೂರ್ತಿ ಮುಳುಗಿ, ನೀರು ಎದೆಗೆ ಬಂದಿತ್ತು. ತುಟಿ ಬೂದಿ ಬಣ್ಣ.

"ಕ್ಲೆಮ್," ಎಂದೆ. ಗಾಳಿಗೆ ಕೇಳಿಸಲಿಲ್ಲ. ಕೂಗಬೇಕಾಯಿತು, ಇಪ್ಪತ್ತು ಜನರಿಗೂ ಕೇಳುವಂತೆ. "ಕ್ಲೆಮ್, ನಾನು ನಿಮಗೆ ಸುಳ್ಳು ಹೇಳ್ದೆ. ಈ ಬೋರ್ಡು ನಿಮಗಲ್ಲ. ನಿಮಗೆ ಅರವತ್ತು ಲೀಟರಾದ್ರೂ ಬೇಕು. ನಂಗೆ ಅವತ್ತೇ ಗೊತ್ತಿತ್ತು. ನೀವು ಖುಷಿಯಾಗಿದ್ರಿ, ಅದಕ್ಕೆ ಹಾಗಂದೆ."

ಅವರು ನನ್ನ ಸ್ಪಂಜನ್ನು ನೋಡಿದರು. "ಮತ್ತೆ ನೀನು ಯಾಕೋ ಇದರ ಮೇಲೆ?"

"ನನ್ನ ಬೋರ್ಡ್ ಮೇಲೆ ಇಲ್ಲೀವರೆಗೆ ಬರೋಕೆ ನಂಗೆ ಬರಲ್ಲ. ಇಲ್ಲಿಗೆ ಬಂದಿದ್ದೇ ಇವತ್ತು ಮೊದಲು. ಒಬ್ನೇ ವಾಪಸ್ ಹೋಗೋಕೆ ಧೈರ್ಯ ಇಲ್ಲ. ನನ್ನ ಜೊತೆ ಬರ್ತೀರಾ?"

ಯಾರೂ ನಗಲಿಲ್ಲ. ಕ್ಲೆಮ್ ಬಲಗೈ ಎತ್ತಲು ನೋಡಿದರು, ಅದು ಮತ್ತೆ ನೀರಿಗೇ ಬಿತ್ತು. ಆಮೇಲೆ ಮೆಲ್ಲಗೆ, ನನಗೊಬ್ಬನಿಗೇ ಎಂಬಂತೆ, "ಭುಜ ಮೇಲೆ ಏಳ್ತಿಲ್ಲ ಮಗಾ," ಎಂದರು.

ಗ್ಯಾವಿನ್ ಅವರ ಪಾದವನ್ನು ಬೋರ್ಡಿಗೆ ಕಟ್ಟಿದ್ದ ಹಗ್ಗ ಬಿಚ್ಚಿ ಚಿಕ್ಕ ಬೋರ್ಡನ್ನು ತಾನು ತೆಗೆದುಕೊಂಡ. ಕ್ಲೆಮ್ ನನ್ನ ಮುಂದೆ ಸ್ಪಂಜಿನ ಮೇಲೆ ಮಲಗಿದರು. ಅವರ ಬೆನ್ನಿಗೆ ಗಲ್ಲ ಊರಿ ನಾನು ಎರಡೂ ಕೈಯಿಂದ ನೀರು ತಳ್ಳಿದೆ. ಒಡೆದ ಅಲೆಯ ನೊರೆ ನಮ್ಮಿಬ್ಬರನ್ನೂ ಎತ್ತಿ, ಅಲ್ಲಾಡಿಸಿ, ಎರಡು ಚೀಲ ಆಲೂಗಡ್ಡೆಯ ಹಾಗೆ ದಡಕ್ಕೆ ಎಸೆಯಿತು.

ಕ್ಲೆಮ್ ಕೆಮ್ಮಿ ಉಗುಳಿ ಎದ್ದು ಕೂತರು. "ಮೊದ್ಲೇ ಹೇಳೋಕೆ ಏನಾಗಿತ್ತೋ ನಿಂಗೆ? ನಾಳೆ ಬರ್ತೀನಿ, ಉದ್ದದ್ದು ತೆಗೆದಿಡು." ನಾಲ್ಕು ಹೆಜ್ಜೆ ಹೋಗಿ ತಿರುಗಿದರು. "ನೀಲಿ ಮಾತ್ರ ಬೇಡ."

ನೆರಿಡಾ ಓಡಿ ಬಂದವಳು ನಾಲ್ಕಡಿ ದೂರದಲ್ಲೇ ನಿಂತಳು. ಜಾಕೆಟ್ಟು ಬಿಚ್ಚಿ ನನ್ನ ಹೆಗಲಿಗೆ ಎಸೆದಳು. ಅದು ಅವಳ ಮೈಯ ಬಿಸಿ ಹಿಡಿದಿತ್ತು.

"ಏನು ಹೇಳ್ದೆ ಅವರಿಗೆ?"

"ಸುಳ್ಳು ಹೇಳಿದ್ದೆ ಅಂತ. ನಂಗೆ ಭಯ ಅಂತ."

"ಎಲ್ಲರ ಮುಂದೆನಾ?"

"ಹೂಂ. ಗ್ಯಾವಿನ್ ಇದ್ದ."

ಅವಳು ಮರಳಿನ ಮೇಲೆ ಕೂತಳು. ನನ್ನ ಹಲ್ಲು ಕಟಕಟ ಎನ್ನುತ್ತಿತ್ತು. ಮಾತನ್ನು ಅಲಂಕರಿಸುವಷ್ಟು ಉಸಿರಿರಲಿಲ್ಲ, ಬಂದದ್ದು ಹಾಗೇ ಬಂತು.

"ನೀನು ನಂಗೆ ಇಷ್ಟ ನೆರಿ. ಮಂಗಳವಾರದಿಂದ ಸರಿಯಾಗಿ ನಿದ್ದೆ ಇಲ್ಲ. ಬಂದ್ರೂ ನಾಲ್ಕಕ್ಕೆ ಎಚ್ಚರ ಆಗುತ್ತೆ."

ಅವಳು ಉಳಿದದ್ದಕ್ಕೆ ಕಾದಳು. ಉಳಿದದ್ದು ಇರಲಿಲ್ಲ.

"ಅಷ್ಟೇನಾ?"

"ಅಷ್ಟೇ."

ಅವಳ ಕಣ್ಣು ತುಂಬಿತು. ಗಾಳಿಗೆ ಮರಳು ಬಿತ್ತು ಎಂದು ಒರೆಸಿಕೊಂಡಳು. ಗಾಳಿ ನಿಂತು ಹತ್ತು ನಿಮಿಷವಾಗಿತ್ತು.

"ಹೋಗ್ಬೇಡ ಅಂತೀಯಾ?" ಎಂದಳು.

"ಇಲ್ಲ. ಕೆಲಸ ಒಳ್ಳೇದಿದೆ, ಹೋಗು." ಅವಳ ಜಾಕೆಟ್ಟನ್ನು ಬಿಗಿಯಾಗಿ ಸುತ್ತಿಕೊಂಡೆ. "ನಾನೂ ಬರ್ಲಾ?"

ಅವಳು ನನ್ನನ್ನು ನೋಡಿದಳು. ಒದ್ದೆ ಕೂದಲಿನಿಂದ ಮರಳು ಮೆತ್ತಿದ ಮೊಣಕಾಲಿನವರೆಗೆ, ಆತುರವಿಲ್ಲದೆ. ಆ ನೋಟದ ಕೆಳಗೆ ನನಗೆ ಚಳಿ ಮರೆತುಹೋಯಿತು. ಆಮೇಲೆ ಫೋನು ತೆಗೆದು ಒತ್ತಿದಳು. ಹನ್ನೆರಡಕ್ಕೆ ಎರಡು ನಿಮಿಷವಿತ್ತು. ಪರ್ತ್ ಆಫೀಸಿನಲ್ಲಿ ಯಾರೋ ಬೇಗ ಬಂದು ಕೂತಿದ್ದರು.

"ಹಲೋ, ನಾನು ನೆರಿಡಾ. ಹೌದು, ಬರ್ತೀನಿ. ಒಂದು ಮಾತು ಕೇಳ್ಬೇಕಿತ್ತು. ಆ ಮನೆ ಇಬ್ಬರಿಗೆ ಸಾಕಾಗುತ್ತಾ?"

ಆ ಕಡೆಯವರು ಏನು ಕೇಳಿದರೋ ನನಗೆ ಕೇಳಿಸಲಿಲ್ಲ. ನೆರಿಡಾ ಖಾಲಿ ಕೈಯಿಂದ ನನ್ನ ಒದ್ದೆ ಬೆರಳುಗಳನ್ನು ಹಿಡಿದುಕೊಂಡಳು.

"ಇಲ್ಲ ಇಲ್ಲ, ಜಾಸ್ತಿ ಜಾಗ ಬೇಕಾಗಲ್ಲ," ಎಂದಳು ಫೋನಿಗೆ. "ಮಾತು ಮಾತ್ರ ಜಾಸ್ತಿ. ಗೋಡೆ ಗಟ್ಟಿ ಇದ್ರೆ ಸಾಕು."